ಓದುಗರ ಸ್ಪಂದನ: ಹಗಲು ನಿದ್ದೆ ಹತ್ತದ ಡಾಕ್ಟರಮ್ಮನಿಗೆ

ಕಳೆದ ವಾರದ ಸಮಸ್ಯೆ: ಬಳ್ಳಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ, ಕರೆ ಬಂದ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡುವ ವೈದ್ಯೆ ನಾನು. ಹಗಲು ನಿದ್ದೆ ಹತ್ತುವುದಿಲ್ಲ. ಆಸ್ಪತ್ರೆಗೆ ಕರೆದೊಯ್ಯಿರಿ ಎಂದರೆ ‘ಹಾಗಾದರೆ ನೀವು ಬಂದದ್ದೇಕೆ?’ ಎನ್ನುತ್ತಾರೆ. ಅತ್ತೆ ಕೆಲಸ ಬಿಡು ಎನ್ನುತ್ತಿದ್ದಾರೆ. ಬಿಡಲೇ?

ನಿವೃತ್ತ ಶುಶ್ರೂಷಕಿ, ಸತ್ಯನಾರಾಯಣಪೇಟೆ

ಆ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ ತಾಯಿ. ನಮ್ಮ ಜನಕ್ಕೆ ಡಾಕ್ಟರೆಂದರೆ ಸೂಜಿ. ಚುಚ್ಚದೆ ಎದ್ದು ಹೊರಟರೆ ದುಡ್ಡು ದಂಡ.

ನನ್ನ ಸೋದರಮಾವನಿಗೆ ಕೌಲ್ ಬಜಾರಿನ ಮನೆಯಲ್ಲಿ ರಾತ್ರಿ ಎರಡಕ್ಕೆ ಎದೆ ಹಿಡಿದುಕೊಂಡಿತು. ಸಂಜೆ ಮಿರ್ಚಿ ತಿಂದಿದ್ದರು, ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದೆವು. ಮನೆಗೆ ಬಂದ ಡಾಕ್ಟರು ಇನ್ನೂ ಹುಡುಗ. ಬೆವರಿಗೆ ಇಸಿಜಿಯ ಬಿಲ್ಲೆಗಳು ಎದೆಗೆ ಅಂಟಲೊಲ್ಲವು. ನಾನೇ ಸೆರಗಿನಿಂದ ಒರೆಸಿ ಒರೆಸಿ ಒತ್ತಿ ಹಿಡಿದೆ. ಕಾಗದ ನೋಡಿದವರೇ ಆಸ್ಪಿರಿನ್ ಅಗಿಯಲು ಕೊಟ್ಟು, ‘ಈಗಲೇ ಹೊರಡಬೇಕು’ ಎಂದರು. ‘ಒಂದು ಇಂಜೆಕ್ಷನ್ ಹಾಕಿಬಿಡಿ, ಬೆಳಗಾಗಲಿ’ ಎಂದು ಅತ್ತೆ ಗೋಗರೆದರು. ಹುಡುಗ ಜಗ್ಗಲಿಲ್ಲ. ತಾನೇ 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೂ ಮಂಚದ ಪಕ್ಕ ಕುಳಿತ. ಮಾವ ಇಂದಿಗೂ ಮಿರ್ಚಿ ತಿನ್ನುತ್ತಾರೆ, ಆ ಮಾತು ಬೇರೆ.

ಹೃದಯದ ಮುಚ್ಚಿದ ರಕ್ತನಾಳವನ್ನು ಮಂಚದ ಮೇಲೆ ತೆರೆಯಲಾಗದು. ಪಾರ್ಶ್ವವಾಯುವಾದರೆ ಹೆಪ್ಪು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದರಲ್ಲಿ ಅರ್ಧವನ್ನು ಮನೆಯವರೇ ಯೋಚಿಸುತ್ತಾ ಕಳೆದಿರುತ್ತಾರೆ. ‘ಏಕೆ ಬಂದಿರಿ’ ಎಂದವರಿಗೆ ಗಡಿಯಾರ ತೋರಿಸಿ. ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದವರು ಗ್ಲೂಕೋಸ್ ಏರಿಸಿದೊಡನೆ ಕಣ್ಣುಬಿಟ್ಟು ‘ಯಾರಿವರು?’ ಎಂದು ಕೇಳುವ ರಾತ್ರಿಗಳೂ ನಿಮಗಿರಬೇಕಲ್ಲ! ಅವನ್ನೇಕೆ ಬರೆಯಲಿಲ್ಲ?

ಉಕ್ಕಿನ ಕಾರ್ಖಾನೆಯ ಕಾರ್ಮಿಕ, ತೋರಣಗಲ್ಲು

ವೈದ್ಯರಿಗೆ ನಾನು ಹೇಳುವುದು ಅಧಿಕಪ್ರಸಂಗವೇ. ಆದರೂ ಹದಿನಾಲ್ಕು ವರ್ಷ ಸಿ ಶಿಫ್ಟ್, ಅಂದರೆ ರಾತ್ರಿ ಪಾಳಿ, ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ನಮ್ಮೂರ ಬಿಸಿಲು ಮುಖಕ್ಕೆ ಬಿದ್ದರೆ, ಏಳುವ ಹೊತ್ತಾಯಿತೆಂದೇ ಮೈ ತಿಳಿಯುತ್ತದೆ. ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬನ್ನಿ, ಗಾಡಿಯನ್ನು ಮಾತ್ರ ನಿದ್ದೆಗಣ್ಣಿನಲ್ಲಿ ನೀವು ಓಡಿಸಬೇಡಿ. ರಾತ್ರಿ ಎರಡರ ನಂತರ ಚಹಾ ಬೇಡ. ನಾನು ಕಿಟಕಿಗೆ ಹಳೆಯ ಕಂಬಳಿ ಹೊಡೆದಿದ್ದೇನೆ. ಏಪ್ರಿಲ್ ತಿಂಗಳಲ್ಲಿ ಕೂಲರಿನ ಗದ್ದಲವೇ ಜೋಗುಳ.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೂ ಮತ್ತೆ 2019ರಲ್ಲೂ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವವಿರುವವುಗಳ ಸಾಲಿಗೆ ಸೇರಿಸಿದೆ. ಹೆದರಿಸಲು ಹೇಳುತ್ತಿಲ್ಲ. ಎಷ್ಟು ವರ್ಷ ಎಂದು ಈಗಲೇ ಗೆರೆ ಎಳೆದುಕೊಳ್ಳಿ. ನಾನು ಎಳೆಯಲಿಲ್ಲ, ಈಗ ಬಿಪಿ ಮಾತ್ರೆ ನುಂಗುತ್ತಿದ್ದೇನೆ.

ಒಬ್ಬ ಅತ್ತೆ, ಗಾಂಧಿನಗರ

ನಿಮ್ಮತ್ತೆಯ ಪರವಾಗಿ ಬರೆಯುತ್ತಿದ್ದೇನೆ. ಅವರಿಗೆ ಭಯ, ಅಷ್ಟೇ. ಗುರುತಿಲ್ಲದ ಮನೆ, ಅಪರಾತ್ರಿ, ಒಳಗೆ ಎಂಥವರಿರುತ್ತಾರೋ. ಚಾಲಕ ಗಾಡಿಯಲ್ಲೇ ಮಲಗದೆ ನಿಮ್ಮ ಚೀಲ ಹಿಡಿದು ಒಳಗೆ ಬರಲಿ, ಒಂದು ಮನೆ ಮುಗಿದಾಗ ‘ಮುಗಿಯಿತು’ ಎಂದು ಒಂದೇ ಪದ ಅತ್ತೆಗೆ ಕಳುಹಿಸಿ. ನನ್ನ ಸೊಸೆಯೂ ಆಸ್ಪತ್ರೆಯಲ್ಲಿ ರಾತ್ರಿ ಕೆಲಸದವಳೇ. ಮೊದಲ ವರ್ಷ ನಾನೂ ರಂಪ ಮಾಡಿದೆ. ಈಗ ಕರೆಗಂಟೆಯ ಗುಂಡಿಯ ಮೇಲೆ ಅಂಟುಪಟ್ಟಿ ಹಚ್ಚಿದ್ದೇನೆ, ಹಾಲಿನವನು ಸದ್ದಿಲ್ಲದೆ ಕಟ್ಟೆಯ ಮೇಲಿಟ್ಟು ಹೋಗುತ್ತಾನೆ, ನಮ್ಮ ಮನೆಯಲ್ಲಿ ಕುಕ್ಕರ್ ಕೂಗುವುದು ಮಧ್ಯಾಹ್ನ ಎರಡರ ಮೇಲೆ.