ಪೂಲ್ ಲೈಟ್ ಹಚ್ಚಿದರ ಆರ್‌ಸಿಸಿಬಿ ಬೀಳ್ತದ, ಬೈಪಾಸ್ ಮಾಡಿದ್ರ ನಡೀತದೇನ್ರಿ?

ಪ್ರಶ್ನೆ:
ಕಲಬುರಗಿ ಹತ್ರ ಆಳಂದ ರೋಡಿಗೆ ತೋಟದ ಮನ್ಯಾಗ ಸಣ್ಣ ಪೂಲ್ ಅದ, ನೀರೊಳಗ ಎರಡು 18 ವ್ಯಾಟ್ ಎಲ್‌ಇಡಿ. ಹಚ್ಚಿ ಹತ್ತು ನಿಮಿಷಕ್ಕ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೂ ಸ್ವಿಚ್) ಬೀಳ್ತದ. ಎಲೆಕ್ಟ್ರಿಷಿಯನ್ ಅದನ್ನ ಬೈಪಾಸ್ ಮಾಡಿ ಹೋಗ್ಯಾನ, ಲೈಟ್ ಚಲೋ ಉರೀತಾವ. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಅದ, ಏನೂ ಆಗಂಗಿಲ್ಲ ಅಂತಾನ. ಭಾನುವಾರ ಹುಡುಗರು ಈಜಲಿಕ್ಕ ಬರ್ತಾರ.

ಉತ್ತರ 1:
ಯಾರನ್ನೂ ನೀರಿಗೆ ಇಳಿಸಬೇಡಿ. ಲೈಟಿನ ಸ್ವಿಚ್ ಆರಿಸಿದರೆ ಸಾಲದು, ಅದು ಫೇಸ್ ಒಂದನ್ನೇ ಕಡಿಯುತ್ತದೆ. ಡಿಬಿಯಲ್ಲಿ (ಮನೆಯ ಸ್ವಿಚ್ ಬೋರ್ಡ್ ಡಬ್ಬಿ) ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಐಸೊಲೇಟರ್ ಇಳಿಸಿ, ಬೀಗ ಹಾಕಿ.

ಈಗ ಇದನ್ನು ಗಮನಿಸಿ. ಎರಡು ಸುರುಳಿ ಪೂರ್ತಿ ಬೇರೆ ಇರುವ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ ಸರಿಯಿದ್ದರೆ, 12 ವೋಲ್ಟ್ ಲೈಟಿನೊಳಗೆ ನೀರು ತುಂಬಿದರೂ 230 ವೋಲ್ಟ್ ಕಡೆಯ ಆರ್‌ಸಿಸಿಬಿ ಬೀಳುವುದಿಲ್ಲ. ಸೋರಿದ ಕರೆಂಟ್ ನೆಲದ ಮೂಲಕ ಮೇನ್ಸ್‌ಗೆ ವಾಪಸ್ ಹೋಗಲು ದಾರಿಯೇ ಇಲ್ಲ. ಅಂದರೆ ದೋಷ 230 ವೋಲ್ಟ್ ವೈರಿನಲ್ಲಿದೆ, ಇಲ್ಲವೇ ಟ್ರಾನ್ಸ್‌ಫಾರ್ಮರಿನಲ್ಲೇ ಇದೆ. ಎರಡನೆಯದಾದರೆ ಪೂಲಿನ ನೀರಿಗೆ 230 ವೋಲ್ಟ್ ಮುಟ್ಟುವ ದಾರಿ ತೆರೆದಿದೆ. ಆರ್‌ಸಿಸಿಬಿ ಇಷ್ಟು ದಿನ ತಡೆದದ್ದು ಅದನ್ನೇ.

ಲೈಸೆನ್ಸ್ ಇರುವ ಬೇರೆಯವರನ್ನು ಕರೆಸಿ. ಆರ್‌ಸಿಸಿಬಿ ಮತ್ತೆ ಸೇರಿಸಿ, 12 ವೋಲ್ಟ್ ಕಡೆಯ ಎರಡೂ ವೈರ್ ಬಿಚ್ಚಿ ಸಪ್ಲೈ ಕೊಡಲಿ. ಆಗಲೂ ಬಿದ್ದರೆ 230 ವೋಲ್ಟ್ ಕಡೆಯ ವೈರು, ಟ್ರಾನ್ಸ್‌ಫಾರ್ಮರ್ ಡಬ್ಬಿಯೊಳಗಿನ ತೇವ ನೋಡಿ. ಬೀಳದಿದ್ದರೆ ಟ್ರಾನ್ಸ್‌ಫಾರ್ಮರ್ ಮೇಲೇ ಅನುಮಾನ. ಸಪ್ಲೈ ತೆಗೆದು, ಎಲ್ಲ ವೈರ್ ಬಿಚ್ಚಿ, ಪ್ರೈಮರಿ (230 ವೋಲ್ಟ್ ಕಡೆ) ಮತ್ತು ಸೆಕೆಂಡರಿ (12 ವೋಲ್ಟ್ ಕಡೆ) ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಒಂದೇ ಸುರುಳಿಯ ಆಟೊ ಟ್ರಾನ್ಸ್‌ಫಾರ್ಮರ್, ಇಲ್ಲವೇ ಒಳಗೆ ಸುರುಳಿಗಳು ಕೂಡಿವೆ. ಬರದಿದ್ದರೂ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಲೇಬೇಕು. ಅರೆಬರೆ ಸುಟ್ಟ ಇನ್ಸುಲೇಷನ್ ಮಲ್ಟಿಮೀಟರಿಗೆ ಕಾಣುವುದಿಲ್ಲ. ಲೈಟ್ ಜೋಡಿಸಿಟ್ಟು ಮಾತ್ರ ಮೆಗ್ಗರ್ ಹಾಕಬೇಡಿ, ಎಲ್‌ಇಡಿ ಡ್ರೈವರ್ ಹೋಗುತ್ತದೆ.

ಉತ್ತರ 2:
ಲೈಟನ್ನೂ ಬಿಚ್ಚಿ ನೋಡ್ರಿ. ಪೂಲ್ ಖಾಲಿ ಮಾಡೂದು ಬ್ಯಾಡ. ರಿಂಗಿನ ಮ್ಯಾಲಿನ ಸ್ಕ್ರೂ ತಗದ್ರ, ಹಿಂದ ಸುತ್ತಿಟ್ಟ ಕೇಬಲ್ ಸಮೇತ ಲೈಟ್ ದಂಡಿಗೆ ಬರ್ತದ. ಗೂಡಿನೊಳಗ ನೀರಿರೂದು ಸಹಜ, ಗಾಜಿನ ಒಳಗ ಹನಿ ಇರಬಾರದು. ಬಿಚ್ಚಿದ ಗ್ಯಾಸ್ಕೆಟ್ ಮತ್ತ ಹಾಕಬ್ಯಾಡ್ರಿ, ಹೊಸದೇ ಹಾಕ್ರಿ. ಸಿಲಿಕಾನ್ ಬಳದು ಮುಚ್ಚಿದ್ರ ನಿಲ್ಲಂಗಿಲ್ಲ. ರೆಸಿನ್ ತುಂಬಿದ ಲೈಟಾದ್ರ ರಿಪೇರಿ ಇಲ್ಲ, ಬದಲಿ ಹಾಕೂದೆ.

ನಮ್ಮ ಕಡೆ ಎರಿ ಮಣ್ಣು ಬ್ಯಾಸಿಗ್ಯಾಗ ಬಿರೀತದ, ಮಳೆಗಾಲಕ್ಕ ಉಬ್ಬತದ. ಶಹಾಬಾದ್ ಪರ್ಸಿ ಕೆಳಗಿನ ಪಿವಿಸಿ ಪೈಪ್ ಜೋಡಣಿ ಜಗ್ಗಿ ಬಿಡ್ತದ, ಒಳಗ ಟೇಪ್ ಸುತ್ತಿದ ಜಾಯಿಂಟ್ ಇದ್ರ ಅಲ್ಲೇ ನೀರು ಹೋಗ್ತದ. ಲೈಟಿಂದ ಜಂಕ್ಷನ್ ಬಾಕ್ಸ್ ತನಕ ಕೇಬಲ್ ಒಂದೇ ಎಳಿ ಇರಬೇಕು, ಬಾಕ್ಸ್ ಪೂಲಿನ ನೀರಿನ ಮಟ್ಟಕ್ಕಿಂತ ಮ್ಯಾಲೆ ಇರಬೇಕು.

ಪ್ರಶ್ನೆ ಕೇಳಿದವರು:
ಬೇರೆಯವರನ್ನ ಕರೆಸಿ ನೋಡಿಸಿದೆ. ಪ್ರೈಮರಿ–ಸೆಕೆಂಡರಿ ನಡುವ ಬೀಪ್ ಬಂತ್ರಿ.

ಉತ್ತರ 1:
ಹಾಗಾದರೆ ಅದನ್ನು ಕಿತ್ತು ಬಿಸಾಡಿ, ಮೋಟಾರಿಗೋ ಮತ್ತೊಂದಕ್ಕೋ ಎಂದು ಎತ್ತಿಡಬೇಡಿ. 230/12 ವೋಲ್ಟ್ ಸೇಫ್ಟಿ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ ಕೇಳಿ ತನ್ನಿ. ನಿಮ್ಮ ಎರಡು ಲೈಟಿಗೆ 60 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು ಸಾಕು. ಪೂಲಿನ ಅಂಚಿನಿಂದ ಕನಿಷ್ಠ 3.5 ಮೀಟರ್ ದೂರ, ಒಣ ಜಾಗದಲ್ಲಿ ಕೂರಿಸಿ. ಆರ್‌ಸಿಸಿಬಿ ಹಿಂದಕ್ಕೆ ಹಾಕಿಸಿ, ಟೆಸ್ಟ್ ಬಟನ್ ಒತ್ತಿ ಬೀಳುವುದನ್ನು ಕಣ್ಣಾರೆ ನೋಡಿ. ಲೈಟ್ ಒಂದು ತಾಸು ಉರಿದು ಅದು ಬೀಳದೆ ನಿಂತ ಮೇಲೆ ಹುಡುಗರ ಮಾತು.