ಪಿಡಿಪಿ-11/23 ಮತ್ತು ಟಿಯು58 ಟೇಪ್ ಎಮ್ಯುಲೇಟರ್: ಇನಿಟ್ ಬರುತ್ತದೆ, ಆಮೇಲೆ ಸದ್ದಿಲ್ಲ. ಮಾಡಿದವರು ಅನುಭವ ಹೇಳಿ

ಪ್ರಶ್ನೆ

ಯಂತ್ರ ಡಿಇಸಿಯ ಹಳೇ ಮಿನಿಕಂಪ್ಯೂಟರ್ ಪಿಡಿಪಿ-11/23, ಸೀರಿಯಲ್ ಕಾರ್ಡ್ ನಾಲ್ಕು ಚಾನೆಲ್‌ನ ಡಿಎಲ್‌ವಿ11-ಜೆ. ಚಾನೆಲ್ 3 ಕನ್ಸೋಲ್, 9600ರಲ್ಲಿ ಚೆನ್ನಾಗಿದೆ, ಒಡಿಟಿಯ (ವಿಳಾಸ ತೆರೆದು ನೋಡಲು, ಬರೆಯಲು ಸಿಪಿಯುವಿನಲ್ಲೇ ಇರುವ ಸೌಲಭ್ಯ) @ ಬರುತ್ತದೆ. ಚಾನೆಲ್ 0ಕ್ಕೆ ಹೊಸದಾಗಿ ಮೂರು ತಂತಿಯ ಕೇಬಲ್ ಮಾಡಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪಿನ ಟಿಯು58 ಎಮ್ಯುಲೇಟರ್‌ಗೆ (ಸೀರಿಯಲ್ ತಂತಿಯ ಕಾರ್ಟ್ರಿಜ್ ಟೇಪ್ ಡ್ರೈವ್ ಟಿಯು58ರಂತೆ ನಟಿಸುವ ಪ್ರೋಗ್ರಾಂ) ಜೋಡಿಸಿದ್ದೇನೆ. ವೇಗ 38400. ಬೂಟ್ ಪ್ರೋಗ್ರಾಂ ಒಡಿಟಿಯಲ್ಲಿ ಕೈಯಾರೆ ತುಂಬಿ 1000ಜಿ (1000ದಿಂದ ಓಡಿಸು) ಕೊಟ್ಟರೆ ಎಮ್ಯುಲೇಟರ್‌ಗೆ ಬ್ರೇಕ್ (ತಂತಿಯನ್ನು ಒಂದು ಬೈಟಿಗಿಂತ ಹೆಚ್ಚು ಹೊತ್ತು ಸೊನ್ನೆಯಲ್ಲಿ ಹಿಡಿಯುವುದು), ಎರಡು ಇನಿಟ್ (ಹೊಸದಾಗಿ ಶುರು ಮಾಡು ಎಂಬ ಬೈಟ್) ಬರುತ್ತವೆ. ಅದು ಕಂಟಿನ್ಯೂ (ಮುಂದುವರಿಸು ಎಂಬ ಬೈಟ್) ಕಳಿಸಿದ್ದೇನೆ ಅನ್ನುತ್ತದೆ. ಅಲ್ಲಿಗೆ ಎಲ್ಲ ನಿಂತಿತು. ನೀವೆಲ್ಲ ಯಾವ ಅಡಾಪ್ಟರ್, ಯಾವ ವೇಗ, ಎಂಥ ಕೇಬಲ್ ಬಳಸಿದ್ದೀರಿ?

ಉತ್ತರ 1

ಮೊದಲು ಆ ಯುಎಸ್‌ಬಿ ಅಡಾಪ್ಟರ್ ಕಿತ್ತು ಪಕ್ಕಕ್ಕಿಡಿ. ಮದರ್‌ಬೋರ್ಡಿನಲ್ಲೇ 16550ಎ ಯುಆರ್ಟ್ (ಸೀರಿಯಲ್ ಪೋರ್ಟ್ ಚಿಪ್) ಇರುವ ಹಳೇ ಡೆಸ್ಕ್‌ಟಾಪ್ ಒಂದನ್ನು ಈ ಕೆಲಸಕ್ಕೇ ಮೀಸಲಿಡಿ. ನನ್ನ 11/73ಕ್ಕೆ ಅದಕ್ಕಿಂತ ಮೊದಲು ಮೂರು ಅಡಾಪ್ಟರ್ ಹಾಳಾದವು.

ಒಂದನೆಯದು ಬ್ರೇಕನ್ನು ಬರೀ ಸೊನ್ನೆ ಬೈಟ್ ಮಾಡಿ ಕೊಡುತ್ತಿತ್ತು. ಮಾತುಕತೆ ಅರ್ಧಕ್ಕೆ ಕೆಟ್ಟರೆ ಹೊಸದಾಗಿ ಶುರು ಮಾಡಲು ಹೋಸ್ಟ್ (ಇಲ್ಲಿ ಪಿಡಿಪಿ) ಕಳಿಸುವುದೇ ಬ್ರೇಕ್. ಅದು ತಲುಪದಿದ್ದರೆ ಎಮ್ಯುಲೇಟರ್ ಹಳೇ ಪ್ಯಾಕೆಟ್‌ನ ಉಳಿದ ಬೈಟ್‌ಗಳಿಗೆ ಕಾಯುತ್ತಾ ಕೂರುತ್ತದೆ, ಇನಿಟನ್ನೂ ಡೇಟಾ ಎಂದು ನುಂಗುತ್ತದೆ. ಎರಡನೆಯದರಲ್ಲಿ ಓದುವುದು ಸರಾಗ, ಬರೆಯುವಾಗ ಮಾತ್ರ ಪ್ರತಿ ಸಲ ಅದೇ ಬ್ಲಾಕಿನಲ್ಲಿ ನಿಲ್ಲುತ್ತಿತ್ತು. ಆ ಬ್ಲಾಕಿನಲ್ಲಿ ಆಕ್ಟಲ್ 023 ಬೈಟ್ ಇತ್ತು, ಅಂದರೆ ‘ಕಳಿಸುವುದು ನಿಲ್ಲಿಸು’ ಎನ್ನುವ ಎಕ್ಸ್‌ಆಫ್. ಅದನ್ನು ಕಂಡ ಪೋರ್ಟ್ ತನ್ನ ಉತ್ತರವನ್ನೇ ತಡೆಹಿಡಿಯಿತು. ಮೂರನೆಯದರಲ್ಲಿ ಎಂಆರ್‌ಎಸ್‌ಪಿ (ಟಿಯು58ರ ಪ್ರೋಟೋಕಾಲ್ ಆರ್‌ಎಸ್‌ಪಿಯ ಬೈಟ್‌ಗೊಂದು ಒಪ್ಪಿಗೆ ಕೇಳುವ ರೂಪ) ಹಾಕಿ ಒಂದು ಟೇಪ್ ಓದಲು 72 ನಿಮಿಷ. 256 ಕಿಲೋಬೈಟ್‌ಗೆ 72 ನಿಮಿಷ! ಅದೇ ಟೇಪ್ 9600ರಲ್ಲಿ ಸಾದಾ ಆರ್‌ಎಸ್‌ಪಿಯಲ್ಲಿ ನಿಜವಾದ ಪೋರ್ಟಿನಿಂದ ಐದು ನಿಮಿಷದೊಳಗೆ ಮುಗಿಯುತ್ತದೆ.

ಉತ್ತರ 2

1ನೇ ಉತ್ತರದವರು ಮೂರು ಬೇರೆ ಬೇರೆ ದೋಷಗಳನ್ನು ಒಂದೇ ಗೂಟಕ್ಕೆ ಕಟ್ಟಿದ್ದಾರೆ. ಬ್ರೇಕ್ ವಿಷಯ ಒಪ್ಪುತ್ತೇನೆ, ಕೆಲವು ಚಿಪ್‌ಗಳು ಅದನ್ನು ನೆಟ್ಟಗೆ ತಿಳಿಸುವುದಿಲ್ಲ. ಆದರೆ 023 ನುಂಗಿದ್ದು ಅಡಾಪ್ಟರ್ ಅಲ್ಲ, ಆ ಪೋರ್ಟಿನಲ್ಲಿ ಉಳಿದುಕೊಂಡಿದ್ದ, ಎಕ್ಸ್‌ಆಫ್ ಕಂಡರೆ ಕಳಿಸುವುದು ನಿಲ್ಲಿಸುವ ಐಎಕ್ಸ್‌ಆನ್ ಸೆಟ್ಟಿಂಗ್. ನಿಮ್ಮ 16550ಎ ಪೋರ್ಟಿನಲ್ಲೂ ಐಎಕ್ಸ್‌ಆನ್ ಬಿಟ್ಟರೆ ಅದೇ ಬ್ಲಾಕಿನಲ್ಲಿ ಅದೇ ರೀತಿ ನಿಲ್ಲುತ್ತದೆ. ಪೋರ್ಟನ್ನು ಎಲ್ಲ ಬೈಟ್‌ಗಳನ್ನೂ ಹಾಗೇ ದಾಟಿಸುವ ರಾ ಮೋಡ್‌ಗೆ ತರಬೇಕಿತ್ತು.

ಇನ್ನು 72 ನಿಮಿಷದ ಲೆಕ್ಕ. ಎಂಆರ್‌ಎಸ್‌ಪಿಯಲ್ಲಿ ಡ್ರೈವ್ ಕಳಿಸುವ ಒಂದೊಂದು ಬೈಟ್‌ಗೂ ಹೋಸ್ಟ್‌ನಿಂದ ಕಂಟಿನ್ಯೂ ಬರಬೇಕು. 512 ಬೈಟ್‌ನ ಬ್ಲಾಕ್ 128ರಂತೆ ನಾಲ್ಕು ಪ್ಯಾಕೆಟ್ ಆಗುತ್ತದೆ. ಪ್ರತಿಯೊಂದಕ್ಕೆ ಫ್ಲ್ಯಾಗ್, ಎಣಿಕೆ, ಎರಡು ಬೈಟ್ ಚೆಕ್‌ಸಮ್ ಸೇರಿ 132, ಒಟ್ಟು 528. ಇಂಥ ಅಡಾಪ್ಟರ್‌ಗಳಲ್ಲಿರುವ ಎಫ್‌ಟಿ232ಆರ್ ಚಿಪ್ ತನಗೆ ಬಂದ ಒಂಟಿ ಬೈಟನ್ನು ಲೇಟೆನ್ಸಿ ಟೈಮರ್ ಮುಗಿಯುವ ತನಕ ಇಟ್ಟುಕೊಳ್ಳುತ್ತದೆ. ಡ್ರೈವರ್ ಇಟ್ಟಿರುವ ಮೂಲ ಬೆಲೆ 16 ಮಿಲಿಸೆಕೆಂಡ್. 528 ಸಲ 16 ಅಂದರೆ ಬ್ಲಾಕಿಗೆ ಎಂಟೂವರೆ ಸೆಕೆಂಡ್, 512 ಬ್ಲಾಕಿಗೆ ಸರಿಯಾಗಿ ನಿಮ್ಮ 72 ನಿಮಿಷ. ಲಿನಕ್ಸ್‌ನಲ್ಲಿ ಆ ಪೋರ್ಟಿನ ಲೇಟೆನ್ಸಿ ಟೈಮರ್ ಕಡತಕ್ಕೆ 1 ಎಂದು ಬರೆದರೆ ಹತ್ತು ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಅಡಾಪ್ಟರ್ ಕಿತ್ತು ಮತ್ತೆ ಹಾಕಿದರೆ ಬೆಲೆ 16ಕ್ಕೇ ಮರಳುತ್ತದೆ. ಅದಕ್ಕೆ ಯುಡೆವ್ ನಿಯಮ (ಸಾಧನ ಜೋಡಿಸಿದಾಗ ಲಿನಕ್ಸ್ ತಾನೇ ಪಾಲಿಸುವ ಸೂಚನೆ) ಬರೆದಿಡಿ, ಇಲ್ಲದಿದ್ದರೆ ಪ್ರತಿ ಸಲ ಮರೆತು ಎರಡು ಗಂಟೆ ಹಾಳು.

ಅಷ್ಟಕ್ಕೂ 11/73ಕ್ಕೆ ಎಂಆರ್‌ಎಸ್‌ಪಿ ಯಾಕೆ ಹಾಕಿದಿರಿ ಸ್ವಾಮಿ? ಅದು ಬೇಕಾಗುವುದು ಕೆಲವು ವ್ಯಾಕ್ಸ್-11/750 ಕನ್ಸೋಲ್‌ಗಳಿಗೆ. ಪಿಡಿಪಿಯ ಆಪರೇಟಿಂಗ್ ಸಿಸ್ಟಂ ಆರ್‌ಟಿ-11ರ ಡಿಡಿ (ಅಂದರೆ ಟಿಯು58) ಡ್ರೈವರ್‌ಗೆ ಸಾದಾ ಆರ್‌ಎಸ್‌ಪಿ ಸಾಕು, ಅದರಲ್ಲಿ ಈ 16 ಮಿಲಿಸೆಕೆಂಡ್ ಆಜ್ಞೆಗೊಮ್ಮೆ ಮಾತ್ರ.

ಉತ್ತರ 1

ಎಂಆರ್‌ಎಸ್‌ಪಿ ಹಾಕಿದ್ದು ಸಾದಾ ಆರ್‌ಎಸ್‌ಪಿಯಲ್ಲಿ 38400ಕ್ಕೆ ಬೈಟ್ ತಪ್ಪುತ್ತಿದ್ದವು ಎಂದು. ಬೈಟ್‌ಗೊಂದು ಕೈಕುಲುಕು ಇದ್ದರೆ ತಪ್ಪುವುದಿಲ್ಲವಲ್ಲ. ಯುಡೆವ್ ನಿಯಮ, ಟೈಮರ್, ರಾ ಮೋಡ್ ಎಂದು ಇಷ್ಟೆಲ್ಲ ತೇಪೆ ಹಾಕಬೇಕಾದ ಸಾಧನವನ್ನು ಹೊಸಬರಿಗೆ ಶಿಫಾರಸು ಮಾಡುವುದು ಸರಿಯಲ್ಲ ಎಂಬ ಮಾತಿಗೆ ನಾನು ಈಗಲೂ ಬದ್ಧ.

ಉತ್ತರ 3

ನೀವಿಬ್ಬರೂ ಎಮ್ಯುಲೇಟರ್ ಬಿಟ್ಟು ಬೇರೆ ದಾರಿಯೇ ಇಲ್ಲ ಎನ್ನುವಂತೆ ಬರೆಯುತ್ತಿದ್ದೀರಿ. ನಿಜವಾದ ಟಿಯು58 ಡ್ರೈವ್ ಇನ್ನೂ ನಡೆಯುತ್ತದೆ. ಅದನ್ನೇ ನಡೆಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೆಡುವುದು ಹೆಚ್ಚಾಗಿ ಮೋಟಾರ್ ತುದಿಯ ರಬ್ಬರ್ ರೋಲರ್. ವರ್ಷಗಳು ಕಳೆದಂತೆ ಡಾಂಬರಿನ ಹಾಗೆ ಕರಗಿ ಅಂಟಾಗುತ್ತದೆ. ಹಾಗೇ ಕಾರ್ಟ್ರಿಜ್ ತುರುಕಿದಿರೋ, ಆ ಅಂಟು ಕಾರ್ಟ್ರಿಜ್ಜಿನ ಚಾಲಕ ಗಾಲಿಗೂ ಮೆತ್ತಿಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಲೋಹ ಕಾಣುವ ತನಕ ಒರೆಸಿ. ನಂತರ ಬಿಗಿಯಾಗಿ ಕೂರುವ ಮೆತು ಕೊಳವೆಯ ತುಂಡನ್ನು ಹಬ್ ಮೇಲೆ ತೂರಿಸಿ. ಹೊರವ್ಯಾಸ ಮೂಲ ರೋಲರಿನಷ್ಟೇ ಇರಬೇಕು. ವ್ಯಾಸ ಬದಲಾದರೆ ಟೇಪಿನ ವೇಗವೂ ಅದೇ ಪ್ರಮಾಣದಲ್ಲಿ ಬದಲಾಗುತ್ತದೆ. ಕೊಳವೆಯ ಅಂಚು ಓರೆಯಾಗಿ ಕತ್ತರಿಸಿದ್ದರೆ ಟೇಪ್ ನಡುಗುತ್ತದೆ, ಹರಿತವಾದ ಬ್ಲೇಡಿನಿಂದ ಹಬ್ ತಿರುಗಿಸುತ್ತಲೇ ಕತ್ತರಿಸಿ. ನಾಲ್ಕು ತುಂಡು ಹಾಳಾದ ಮೇಲೆ ಐದನೆಯದು ಸರಿಹೋಯಿತು.

ಕಾರ್ಟ್ರಿಜ್ ಒಳಗಿನ ಸ್ಥಿತಿಸ್ಥಾಪಕ ಬೆಲ್ಟ್ ಕೂಡ ಬಿಗಿ ಕಳೆದುಕೊಳ್ಳುತ್ತದೆ ಅಥವಾ ತುಂಡಾಗುತ್ತದೆ. ಮೊದಲು ಕೈಯಿಂದ ಗಾಲಿ ತಿರುಗಿಸಿ ಟೇಪ್ ಎರಡೂ ಕಡೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದೆಯೇ ನೋಡಿ, ಆಮೇಲೆ ಡ್ರೈವಿಗೆ ಹಾಕಿ. ಕಾಂತದಿಂದ ಪೂರ್ತಿ ಅಳಿಸುವ ಯೋಚನೆ ಮಾತ್ರ ಮಾಡಬೇಡಿ. ಎರಡು ಟ್ರ್ಯಾಕ್, ಟ್ರ್ಯಾಕಿಗೆ 128 ಬೈಟ್‌ನ 1024 ರೆಕಾರ್ಡ್, ಇವುಗಳ ಗುರುತು ಕಾರ್ಖಾನೆಯಲ್ಲೇ ಬರೆದಿರುತ್ತದೆ. ಡ್ರೈವ್‌ಗೆ ತಾನೇ ಫಾರ್ಮ್ಯಾಟ್ ಮಾಡುವ ಶಕ್ತಿ ಇಲ್ಲ. ಅಳಿಸಿದ ಕಾರ್ಟ್ರಿಜ್ ಸತ್ತಂತೆಯೇ.

ಉತ್ತರ 4

ಟೇಪ್ ಎಮ್ಯುಲೇಶನ್ ಎಂದರೆ ಮುಖ್ಯವಾಗುವುದು ಸಿಗ್ನಲ್ ಮಟ್ಟ. ನನ್ನದು ಝಡ್‌ಎಕ್ಸ್ ಸ್ಪೆಕ್ಟ್ರಮ್ ಮನೆ ಕಂಪ್ಯೂಟರ್, ಕ್ಯಾಸೆಟ್ ಬದಲು ಫೋನಿನಿಂದ ಇಯರ್ ಸಾಕೆಟ್‌ಗೆ. ಡೇಟಾಕ್ಕೆ ಮೊದಲು ಬರುವ ಪೈಲಟ್ ನಾದದ ಒಂದೊಂದು ಪಲ್ಸ್ 2168 ಟಿ-ಸ್ಟೇಟ್ (ಸಿಪಿಯು ಗಡಿಯಾರದ ಮಿಡಿತ), 3.5 ಮೆಗಾಹರ್ಟ್ಸ್‌ನಲ್ಲಿ ಸುಮಾರು 807 ಹರ್ಟ್ಸ್. ಸೊನ್ನೆ ಬಿಟ್‌ಗೆ 855ರ ಎರಡು ಪಲ್ಸ್, ಒಂದು ಬಿಟ್‌ಗೆ 1710ರ ಎರಡು. ಪರದೆಯ ಅಂಚಿನ ಪಟ್ಟೆಗಳು ಕೆಂಪು-ತಿಳಿನೀಲಿಯಲ್ಲಿ ಸ್ಥಿರವಾಗಿ ಓಡಿದರೆ ಪೈಲಟ್ ಸಿಕ್ಕಿದೆ. ಹಳದಿ-ನೀಲಿಗೆ, ಅಂದರೆ ಡೇಟಾಕ್ಕೆ, ಬಂದ ಮೇಲೆ ಲೋಡ್ ನಿಂತರೆ ವಾಲ್ಯೂಮ್ ಕಡಿಮೆ, ಇಲ್ಲವೇ ಫೋನಿನ ಈಕ್ವಲೈಸರ್ ಪಲ್ಸ್ ಅಂಚುಗಳನ್ನು ಮೊಂಡು ಮಾಡುತ್ತಿದೆ. ಎಡ-ಬಲ ಚಾನೆಲ್ ಎರಡನ್ನೂ ಸೇರಿಸಬೇಡಿ. ಒಂದು ಇನ್ನೊಂದಕ್ಕೆ ತಲೆಕೆಳಗಾಗಿದ್ದರೆ ಕೂಡಿದಾಗ ಏನೂ ಉಳಿಯುವುದಿಲ್ಲ. ಒಂದೇ ಚಾನೆಲ್ ಬಳಸಿ. ಎಂಪಿ3 ಬೇಡ, ಡಬ್ಲ್ಯುಎವಿ ಇರಲಿ.

ಉತ್ತರ 3

ಇದಕ್ಕೂ ಟಿಯು58ಕ್ಕೂ ಏನು ಸಂಬಂಧ? ಅಲ್ಲಿ ಶಬ್ದ, ಇಲ್ಲಿ ಪ್ಯಾಕೆಟ್, ಚೆಕ್‌ಸಮ್ ಇರುವ ಬ್ಲಾಕ್ ಸಾಧನ. ಕೇಳಿದವರನ್ನು ದಾರಿ ತಪ್ಪಿಸಬೇಡಿ.

ಉತ್ತರ 4

ರಬ್ಬರ್ ರೋಲರ್‌ಗೂ ಅವರ ಪ್ರಶ್ನೆಗೂ ಇರುವಷ್ಟೇ ಸಂಬಂಧ. ಅವರ ಬಳಿ ಡ್ರೈವೇ ಇಲ್ಲ. ತಲುಪಬೇಕಾದ ಸಿಗ್ನಲ್ ತಲುಪುತ್ತಿದೆಯೇ ಎಂದು ಒಬ್ಬರೂ ಅಳೆಯಲು ಹೇಳಲಿಲ್ಲ, ನಾನು ಹೇಳಿದೆ.

ಉತ್ತರ 5

4ನೇ ಉತ್ತರದವರು ಯಂತ್ರ ಬೇರೆ ಹಿಡಿದರೂ ಮಾತು ಸರಿಯಾಗಿಯೇ ಹೇಳಿದ್ದಾರೆ. ಅಳೆಯಿರಿ.

ಎಮ್ಯುಲೇಟರ್ ಪಕ್ಕಕ್ಕಿಟ್ಟು ಅದೇ ಅಡಾಪ್ಟರ್ ಮೇಲೆ ಟರ್ಮಿನಲ್ ಪ್ರೋಗ್ರಾಂ ತೆರೆಯಿರಿ, ಅದೇ ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್. ಒಡಿಟಿಯಲ್ಲಿ 176504/ ಎಂದು ಹೊಡೆಯಿರಿ, ಅದು ಚಾನೆಲ್ 0ರ ಕಳಿಸುವ ಕಡೆಯ ಸ್ಥಿತಿ. 000200 ಬಂದರೆ ಕಳಿಸಲು ಸಿದ್ಧ. 176506/ ತೆರೆದು 101 ಬರೆದರೆ ಲ್ಯಾಪ್‌ಟಾಪಿನಲ್ಲಿ ದೊಡ್ಡ 'ಎ' ಬೀಳಬೇಕು. ಲ್ಯಾಪ್‌ಟಾಪಿನಿಂದ ಅದೇ ಅಕ್ಷರ ಹೊಡೆದು 176500/ (ಪಡೆಯುವ ಕಡೆಯ ಸ್ಥಿತಿ) ನೋಡಿ, 000200 ಆಗಬೇಕು, ಬಂದ ಬೈಟ್ ಇರುವ 176502ರಲ್ಲಿ 000101. ಅಲ್ಲಿ 140ರಿಂದ ಶುರುವಾದರೆ ಓವರ್‌ರನ್ (ಓದುವ ಮೊದಲೇ ಮುಂದಿನ ಬೈಟ್ ಬಿದ್ದಿದೆ), 120ರಿಂದ ಆದರೆ ಫ್ರೇಮಿಂಗ್, ಅಂದರೆ ವೇಗದ ಜಂಪರ್ ತಪ್ಪು.

ಪ್ರಶ್ನೆ ಕೇಳಿದವರು

176504ರಲ್ಲಿ 000000. 200 ಬರೆದರೆ 200 ಉಳಿಯುತ್ತದೆ, 377 ಬರೆದರೆ ಅದೂ ಉಳಿಯುತ್ತದೆ. ಕಾರ್ಡ್ ಕೆಟ್ಟಿದೆಯೇ?

ಉತ್ತರ 2

ಕಾರ್ಡ್ ಕೆಟ್ಟಿಲ್ಲ, 5ನೇ ಉತ್ತರದಲ್ಲಿ ವಿಳಾಸ ತಪ್ಪಿದೆ. 11/23ರ ಒಡಿಟಿಗೆ 18 ಬಿಟ್ ವಿಳಾಸ ಕೊಡಬೇಕು: 776500, 776504. 176504 ಎಂದರೆ ನೀವು ಮೆಮೊರಿಗೆ ಬರೆಯುತ್ತಿದ್ದೀರಿ, ಅದಕ್ಕೇ ಬರೆದದ್ದೆಲ್ಲ ಉಳಿಯುತ್ತಿದೆ. 11/73 ಆದರೆ 17776504. ಈ ಒಂದು ತಪ್ಪಿಗೆ ಒಳ್ಳೆಯ ಕಾರ್ಡ್‌ಗಳನ್ನು ಬಿಚ್ಚಿ ಬೆಸುಗೆ ತೆಗೆದವರಿದ್ದಾರೆ. ಸಲಹೆ ಕೊಡುವ ಮುನ್ನ ಯಾವ ಸಿಪಿಯು ಎಂದು ನೋಡಬೇಕು.

ಉತ್ತರ 5

ಒಪ್ಪಿದೆ, ತಪ್ಪು ನನ್ನದು. ಅದು 16 ಬಿಟ್ ವಿಳಾಸದ ಎಲ್‌ಎಸ್‌ಐ-11/2 ಸಿಪಿಯುವಿನದು. ಮುಂದೆ 7 ಹಾಕಿ, ಮೊದಲ 1 ತೆಗೆದು ಮತ್ತೆ ನೋಡಿ.

ಪ್ರಶ್ನೆ ಕೇಳಿದವರು

776504ರಲ್ಲಿ 000200. 776506ಕ್ಕೆ 101 ಬರೆದರೆ 'ಎ' ಲ್ಯಾಪ್‌ಟಾಪಿಗೆ ಬಂತು. ಲ್ಯಾಪ್‌ಟಾಪಿನಿಂದ ಎಷ್ಟು ಹೊಡೆದರೂ 776500 ಸೊನ್ನೆಯಲ್ಲೇ ಇದೆ. ಕೇಬಲ್: ಹೆಡರ್ ಪಿನ್ 3, ಪಿನ್ 8, ಪಿನ್ 2.

ಉತ್ತರ 5

ಸಿಕ್ಕಿತು. ಪಿನ್ 7 ಗಾಳಿಯಲ್ಲಿದೆ. ಡಿಎಲ್‌ವಿ11-ಜೆ ಒಳಬರುವ ಸಿಗ್ನಲನ್ನು ಜೋಡಿಯಾಗಿ ನೋಡುತ್ತದೆ, 8 ಪ್ಲಸ್, 7 ಮೈನಸ್. ಅಡಾಪ್ಟರಿನಿಂದ ಬರುವ ಆರ್‌ಎಸ್-232 ಡೇಟಾ ತಂತಿಯನ್ನು 8ಕ್ಕೆ ಕೊಟ್ಟು 7ನ್ನು ಹೆಡರ್‌ನಲ್ಲೇ ಗ್ರೌಂಡಿಗೆ, ಅಂದರೆ 2, 5 ಅಥವಾ 9ಕ್ಕೆ, ಸೇರಿಸಬೇಕು. ಹೊರಹೋಗುವ 4ನ್ನು ಮಾತ್ರ ಗ್ರೌಂಡಿಗೆ ಕಟ್ಟಬೇಡಿ, ಖಾಲಿ ಬಿಡಿ. 6 ಇಲ್ಲದ ಪಿನ್, ಕೇಬಲ್ ತಿರುವುಮುರುವಾಗದಿರಲಿ ಎಂದು. 10ರಲ್ಲಿ ಫ್ಯೂಸ್ ಮೂಲಕ +12 ವೋಲ್ಟ್ ಇದೆ. ಪಕ್ಕದ 9 ಗ್ರೌಂಡ್. ಬೆಸುಗೆಯ ಒಂದು ಹನಿ ಅವೆರಡರ ನಡುವೆ ನಿಂತರೆ ಫ್ಯೂಸ್ ಹೋಗುತ್ತದೆ. ನನ್ನ ಕಾರ್ಡಿನ ಫ್ಯೂಸ್ ಎರಡು ಸಲ ಹೋಗಿದೆ.

ಕೇಬಲ್ ಹಾಕುವ ಮುನ್ನ ಅಡಾಪ್ಟರ್ ಕಡೆಯ ತಂತಿಯನ್ನು ಮೀಟರ್‌ನಲ್ಲಿ ನೋಡಿ. ಏನೂ ಕಳಿಸದೆ ಸುಮ್ಮನಿರುವಾಗ ಗ್ರೌಂಡಿಗೆ ಹೋಲಿಸಿ −5ರಿಂದ −12 ವೋಲ್ಟ್ ನಡುವೆ ಇರಬೇಕು. +3.3 ಅಥವಾ +5 ಇದ್ದರೆ ಅದು ಟಿಟಿಎಲ್ ಮಟ್ಟದ, ತಲೆಕೆಳಗಾದ ಅಡಾಪ್ಟರ್. ನಡುವೆ ವೋಲ್ಟೇಜ್ ಮಟ್ಟ ಬದಲಿಸುವ ಮ್ಯಾಕ್ಸ್3232 ಚಿಪ್ ಮತ್ತು 0.1 ಮೈಕ್ರೋಫ್ಯಾರಡ್‌ನ ನಾಲ್ಕು ಕೆಪಾಸಿಟರ್ ಬೇಕು.

ಪ್ರಶ್ನೆ ಕೇಳಿದವರು

7ನ್ನು 9ಕ್ಕೆ ಸೇರಿಸಿದೆ. −6.1 ವೋಲ್ಟ್. 776502ರಲ್ಲಿ 000101 ಬಂತು, ಬೂಟ್ ಆಗಿ ಆರ್‌ಟಿ-11ರ ಪ್ರಾಂಪ್ಟ್ ಚುಕ್ಕಿಯೂ ಬಂತು! ಆದರೆ ಡಿಡಿ0ಯಿಂದ ದೊಡ್ಡ ಕಡತ ನಕಲು ಮಾಡುವಾಗ ನಡುನಡುವೆ ತಡೆದು ತಡೆದು ಕೊನೆಗೆ ದೋಷ ಬರುತ್ತದೆ.

ಉತ್ತರ 1

ಇದನ್ನೇ ಹೇಳಿದ್ದು. ಅಡಾಪ್ಟರ್.

ಉತ್ತರ 2

ಮತ್ತೆ ಅದೇ ಹಾಡು ಬೇಡ. 38400ರಲ್ಲಿ 260 ಮೈಕ್ರೋಸೆಕೆಂಡಿಗೆ ಒಂದು ಬೈಟ್ ಬರುತ್ತದೆ. ಈ ಕಾರ್ಡಿನ ಯುಆರ್ಟ್‌ನಲ್ಲಿ ಸಾಲಾಗಿ ಕಾಯಿಸುವ ಫೈಫೋ ಇಲ್ಲ. ಗಡಿಯಾರದ ಇಂಟರಪ್ಟ್ ಅಥವಾ ಇನ್ನೊಂದು ಸಾಧನ ಆ ಸಂದಿಯಲ್ಲಿ ಸಿಪಿಯು ಹಿಡಿದುಕೊಂಡರೆ ಹಿಂದಿನ ಬೈಟ್ ಮೇಲೆ ಮುಂದಿನದು ಬೀಳುತ್ತದೆ. ಚೆಕ್‌ಸಮ್ ಕೂಡುವುದಿಲ್ಲ, ಮರುಪ್ರಯತ್ನ, ಕೊನೆಗೆ ದೋಷ. 1ನೇ ಉತ್ತರದವರ ಬೈಟ್ ತಪ್ಪಿದ್ದೂ ಇದರಿಂದಲೇ ಇರಬೇಕು, ಅದನ್ನು ಎಂಆರ್‌ಎಸ್‌ಪಿಯಿಂದ ಮುಚ್ಚಿದರು. ಚಾನೆಲ್ 0ರ ವೇಗದ ಜಂಪರ್ 19200ಕ್ಕೆ ಹಾಕಿ, ಎಮ್ಯುಲೇಟರ್‌ನಲ್ಲೂ ಅದೇ ಕೊಡಿ. ಪೂರ್ತಿ ಟೇಪ್ 38400ರಲ್ಲಿ ಒಂದು ಕಾಲು ನಿಮಿಷ, 19200ರಲ್ಲಿ ಎರಡೂವರೆ. ಪ್ರತಿ ಚಾನೆಲ್‌ಗೂ ಜಂಪರ್ ಬೇರೆ, ಕನ್ಸೋಲಿನದನ್ನು ಮುಟ್ಟಬೇಡಿ.

ಉತ್ತರ 1

ನಿಜವಾದ ಪೋರ್ಟ್ ಹಾಕಿದ ಮೇಲೆ ಅದೇ 11/73ರಲ್ಲಿ, ಸಾದಾ ಆರ್‌ಎಸ್‌ಪಿಯಲ್ಲಿ, 38400 ಇಂದಿಗೂ ಒಂದು ಬೈಟ್ ತಪ್ಪದೆ ಓಡುತ್ತಿದೆ. ಅದನ್ನು ಹೇಗೆ ವಿವರಿಸುತ್ತೀರಿ?

ಉತ್ತರ 2

ಅದು 11/73, ಇದು 11/23. ಆ ಸಿಪಿಯು ಇದಕ್ಕಿಂತ ಎಷ್ಟೋ ವೇಗ. ಮೊದಲು ತಪ್ಪುತ್ತಿದ್ದಾಗ ನಿಮ್ಮ ಯಂತ್ರದಲ್ಲಿ ಬೇರೆ ಯಾವ ಕಾರ್ಡ್‌ಗಳಿದ್ದವು, ಈಗ ಯಾವುವಿವೆ, ಅದನ್ನು ಹೇಳಿ. ಆಮೇಲೆ ಮಾತಾಡೋಣ.

ಪ್ರಶ್ನೆ ಕೇಳಿದವರು

19200ರಲ್ಲಿ 512 ಬ್ಲಾಕ್‌ಗಳೂ ದೋಷವಿಲ್ಲದೆ ಬಂದವು. 3ನೇ ಉತ್ತರದವರೇ, ಈ ಯಂತ್ರದ ಜೊತೆ ಆರು ಹಳೇ ಕಾರ್ಟ್ರಿಜ್ ಬಂದಿವೆ, ಎರಡರ ಬೆಲ್ಟ್ ಸಡಿಲ. ಡ್ರೈವ್ ಸಿಕ್ಕರೆ ಮೊದಲು ಯಾವುದನ್ನು ಹಾಕಲಿ?

ಉತ್ತರ 3

ಸಡಿಲವಾದ ಎರಡನ್ನೂ ಈಗ ಮುಟ್ಟಬೇಡಿ. ಬಿಗಿಯಾದವುಗಳಲ್ಲಿ ಒಳಗಿನದು ಹೋದರೂ ಪರವಾಗಿಲ್ಲ ಎನಿಸುವ ಒಂದನ್ನು ಮೊದಲು ಹಾಕಿ ರೋಲರ್ ಪರೀಕ್ಷಿಸಿ. ಬರೆಯದಂತೆ ತಡೆಯುವ ಟ್ಯಾಬ್ ಸರಿಸಿಡಿ. ನಕಲಿಗೆ ಆರ್‌ಟಿ-11ರ ಕಾಪಿ/ಡಿವೈಸ್/ಫೈಲ್ಸ್ ಆಜ್ಞೆಯ ಜೊತೆ /ಇಗ್ನೋರ್ ಸೇರಿಸಿ. ಇಲ್ಲದಿದ್ದರೆ ಮೊದಲ ಕೆಟ್ಟ ಬ್ಲಾಕಿಗೇ ನಿಲ್ಲುತ್ತದೆ, ಮತ್ತೆ ಶುರುವಿನಿಂದ ಓಡಿಸಬೇಕು. ಆ ಬೆಲ್ಟ್‌ಗಳಿಗೆ ಒಂದು ಓಟವೂ ಹೆಚ್ಚಾಗಬಹುದು.