‘ಎಂಜಿನ್ ಕೆಲಸಕ್ಕೆ ಬಂದಿದೆ’ – ಇಲ್ಲಿ ‘ಬರು’ಗೆ ಏನರ್ಥ?

ಗೆಳೆಯರೇ,

ಲಾರಿ ಗ್ಯಾರೇಜುಗಳಲ್ಲಿ ದಿನಾ ಕಿವಿಗೆ ಬೀಳುವ ಒಂದು ಮಾತಿನ ಬಗ್ಗೆ ಕೇಳಬೇಕಿತ್ತು. ‘ಗಾಡಿ ಎಂಜಿನ್ ಕೆಲಸಕ್ಕೆ ಬಂದಿದೆ.’ ಎಂಜಿನ್ ಒಳಗೆ ಸವೆದಿದೆ, ಇಳಿಸಿ ಪೂರ್ತಿ ಬಿಚ್ಚಬೇಕು ಎಂದು ಇದರ ಅರ್ಥ. ಆದರೆ ‘ಕೆಲಸಕ್ಕೆ ಬರುತ್ತೆ’ ಅಂದರೆ ಉಪಯೋಗಕ್ಕೆ ಆಗುತ್ತೆ ಅಂತ ಅಲ್ವಾ? ‘ಕೆಲಸಕ್ಕೆ ಬಾರದ್ದು’ ಅಂದರೆ ಬಿಸಾಡುವಂಥದ್ದು. ಹಾಗಿದ್ದ ಮೇಲೆ ಕೈಕೊಟ್ಟ ಎಂಜಿನ್ ‘ಕೆಲಸಕ್ಕೆ ಬಂದದ್ದು’ ಹೇಗೆ?

ಸಂದರ್ಭ ಇಷ್ಟು. ಪೀಣ್ಯದ ಹತ್ತಿರ ನಮ್ಮ ಚಿಕ್ಕಪ್ಪನ ಮನೆ. ಹಿತ್ತಲಲ್ಲಿ ಶೀಟ್ ಹಾಕಿದ ಜಾಗವಿದೆ. ಅಲ್ಲೇ ಅವರ ಹಳೇ ಟಾಟಾ ಲಾರಿಯ ಎಂಜಿನ್ ಕೆಲಸ ನಡೆಯುತ್ತಿದೆ. 692 ಅನ್ನುವ ಎಂಜಿನ್. ಆರು ಸಿಲಿಂಡರು, 92 ಮಿ.ಮೀ. ಬೋರು (ಸಿಲಿಂಡರಿನ ಒಳಗಿನ ಅಗಲ), ಅದಕ್ಕೇ ಆ ಹೆಸರು. 697 ಅನ್ನುವ ಇನ್ನೊಂದು ಎಂಜಿನ್‌ನಲ್ಲಿ ಬೋರು 97 ಮಿ.ಮೀ. ಟೆಲ್ಕೊ ಕಂಪನಿ (ಈಗಿನ ಟಾಟಾ ಮೋಟಾರ್ಸ್) 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡಲು ಶುರು ಮಾಡಿತು, 1969ಕ್ಕೆ ಆ ಒಪ್ಪಂದ ಮುಗಿಯಿತು. ಆದರೂ ಹಳೇ ಡ್ರೈವರುಗಳ ಬಾಯಲ್ಲಿ ಇದು ಇವತ್ತಿಗೂ ‘ಬೆಂಜ್ ಲಾರಿ’ಯೇ. ಮೇಸ್ತ್ರಿ ಹೇಳುವುದನ್ನೆಲ್ಲ ನಾನು ಬರೆದಿಡುತ್ತಿದ್ದೇನೆ, ಮನೆಯ ಹುಡುಗರಿಗೆ ಮುಂದೆ ಬೇಕಾಗುತ್ತೆ ಅಂತ.

ಬರೆಯುವಾಗ ಗಮನಕ್ಕೆ ಬಂದದ್ದು ಇದು. ಒಂದೇ ಹೊತ್ತಿನಲ್ಲಿ ಮೇಸ್ತ್ರಿ ‘ಆ ಬೋಲ್ಟ್ ಬಿಸಾಡಬೇಡ, ಕೆಲಸಕ್ಕೆ ಬರುತ್ತೆ’ ಅನ್ನುತ್ತಾರೆ. ‘ಆಯಿಲ್ ಪಂಪೂ ಕೆಲಸಕ್ಕೆ ಬಂದಿದೆ’ ಅನ್ನುತ್ತಾರೆ. ‘ಹುಡುಗ ಇವತ್ತು ಕೆಲಸಕ್ಕೆ ಬಂದಿಲ್ಲ’ ಅಂತಲೂ ಅನ್ನುತ್ತಾರೆ. ಮೂರೂ ಬೇರೆ ಬೇರೆ ಅರ್ಥ, ಕೇಳುವವರು ಯಾರೂ ತಡವರಿಸುವುದಿಲ್ಲ.

ನನಗೆ ತೋಚಿದ್ದು ಹೇಳುತ್ತೇನೆ. ರಾಗಿ ಕೊಯ್ಲಿಗೆ ಬಂದಿದೆ, ಹಸು ಬೆದೆಗೆ ಬಂದಿದೆ, ಮಗಳು ಮದುವೆಗೆ ಬಂದಿದ್ದಾಳೆ. ಇಲ್ಲೆಲ್ಲ ‘ಬರು’ ಅಂದರೆ ಆ ಹೊತ್ತು ಮುಟ್ಟುವುದು, ಇನ್ನು ತಡಮಾಡುವ ಹಾಗಿಲ್ಲ ಅನ್ನುವುದು. ಎಂಜಿನ್ ಕೆಲಸಕ್ಕೆ ಬರುವುದೂ ಇದೇ ಸಾಲಿಗೆ ಸೇರುತ್ತೆ ಅಂತ ನನ್ನ ಎಣಿಕೆ. ಲಕ್ಷಾಂತರ ಕಿಲೋಮೀಟರು ಓಡಿ ರಿಂಗು (ಪಿಸ್ಟನ್ ಸುತ್ತ ಕೂರುವ ಬಳೆ), ಬೋರು ಸವೆದು, ಎಂಜಿನ್ ಆ ಕೆಲಸದ ಹೊತ್ತಿಗೆ ಬಂದು ಮುಟ್ಟಿದೆ. ‘ಕೆಟ್ಟಿದೆ’ ಅಂದರೆ ಈ ಅರ್ಥ ಬರುವುದಿಲ್ಲ. ಕೆಲಸಕ್ಕೆ ಬಂದ ಲಾರಿ ಲೋಡು ಹೊತ್ತುಕೊಂಡು ಓಡುತ್ತಲೇ ಇರಬಹುದು. ಏರಿನಲ್ಲಿ ಎಳೆಯುವುದಿಲ್ಲ, ಆಯಿಲ್ ಕುಡಿಯುತ್ತೆ, ನೀಲಿ ಹೊಗೆ ಬಿಡುತ್ತೆ. ಮೇಸ್ತ್ರಿ ಮಾಡುವ ಪರೀಕ್ಷೆ ಬಲು ಸುಲಭ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯುತ್ತಾರೆ. ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗಿದ ಹೊಗೆ ಬುಸ್ ಬುಸ್ ಅಂತ ಕೈಗೆ ಹೊಡೆಯುತ್ತೆ. ‘ನೋಡಿ, ಬ್ಯಾಕ್ ಕಂಪ್ರೆಷನ್. ಬಂದಿದೆ ಕೆಲಸಕ್ಕೆ.’

ಕಾಲದ ರೂಪವೂ ಇಲ್ಲಿ ಮುಖ್ಯ ಅನ್ನಿಸುತ್ತೆ. ‘ಬರುತ್ತೆ’, ‘ಬರಲ್ಲ’ ಅಂದಾಗ ಉಪಯೋಗದ ಮಾತು. ‘ಬಂದಿದೆ’, ‘ಇನ್ನೂ ಬಂದಿಲ್ಲ’ ಅಂದಾಗ ರಿಪೇರಿಯ ಮಾತು. ‘ಬಂತು’ ಮಾತ್ರ ಎರಡೂ ಕಡೆ ನಡೆಯುತ್ತೆ: ‘ಎತ್ತಿಟ್ಟ ಬೋಲ್ಟ್ ಕೆಲಸಕ್ಕೆ ಬಂತು’, ‘ಎರಡೇ ವರ್ಷಕ್ಕೆ ಎಂಜಿನ್ ಕೆಲಸಕ್ಕೆ ಬಂತು’. ಇನ್ನೊಂದು ಅನುಮಾನವೂ ಇದೆ. ‘ಗಾಡಿ, ಎಂಜಿನ್-ಕೆಲಸಕ್ಕೆ ಬಂದಿದೆ’ ಅನ್ನುವುದು ಮೊದಲಿನ ರೂಪ ಇದ್ದು, ‘ಗಾಡಿ’ ಬಿಟ್ಟುಹೋಗಿ ಎಂಜಿನ್ನೇ ಕೆಲಸಕ್ಕೆ ಬಂದಂತೆ ಆಯಿತೇ? ವ್ಯಾಕರಣ ಬಲ್ಲವರು ಹೇಳಬೇಕು.

‘ಎಂಜಿನ್ ಕೆಲಸ’ದಲ್ಲೂ ಎರಡು ಬಗೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮುಟ್ಟದೆ ಪಿಸ್ಟನ್, ರಿಂಗು, ಹೆಡ್ಡು (ವಾಲ್ವ್‌ಗಳಿರುವ ಮೇಲಿನ ಭಾಗ) ಇಷ್ಟನ್ನೇ ನೋಡಿದರೆ ಹಾಫ್ ಎಂಜಿನ್. ಕ್ರ್ಯಾಂಕನ್ನೂ ಹೊರಗೆ ತೆಗೆದು ಗ್ರೈಂಡಿಂಗಿಗೆ ಕೊಟ್ಟು, ಅದರ ಅಳತೆಗೆ ಬೇರಿಂಗ್ ಹಾಕಿದರೆ ಫುಲ್ ಎಂಜಿನ್. ಇವಕ್ಕೆ ಕನ್ನಡ ಪದ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸಾಮಾನು ಕೇಳುವಾಗ ಇದೇ ಮಾತು ನಡೆಯುತ್ತೆ.

ಆದರೆ ಬಿಚ್ಚಿದ್ದನ್ನು ಮತ್ತೆ ಮಾಡುವ ಕೆಲಸಕ್ಕೆ ಏನನ್ನುವುದು? ನಮ್ಮ ಮೇಸ್ತ್ರಿ ‘ಎಂಜಿನ್ ಕಟ್ಟೋದು’ ಅನ್ನುತ್ತಾರೆ. ‘ಬಿಚ್ಚೋಕೆ ಯಾರಾದ್ರೂ ಬಿಚ್ತಾರೆ, ಕಟ್ಟೋರು ಬೇಕು.’ ಬಿಚ್ಚು-ಕಟ್ಟು ಒಳ್ಳೆಯ ಜೋಡಿ. ‘ಮರುಜೋಡಣೆ’, ‘ಪುನರ್ನಿರ್ಮಾಣ’ ಅಂತ ಬರೆದು ನೋಡಿದೆ, ಎರಡೂ ಸಪ್ಪೆ. ಜೋಡಿಸುವುದು ಅಂದರೆ ಇದ್ದ ಭಾಗಗಳನ್ನು ಸೇರಿಸುವುದಷ್ಟೇ. ಕಟ್ಟುವಾಗ ಪ್ರತಿಯೊಂದನ್ನೂ ಅಳೆಯಬೇಕು. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್‌ನಿಂದ ನೆಟ್ಟಗೆ ಒತ್ತಿ, ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ನೋಡಬೇಕು. ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಉಜ್ಜಬೇಕು. ಆಮೇಲೆ ಹೆಡ್ಡಿನ ಪೋರ್ಟಿಗೆ ಸೀಮೆಎಣ್ಣೆ ಸುರಿದು ಕಾಯಬೇಕು. ವಾಲ್ವ್ ಅಂಚಿನಲ್ಲಿ ಒಂದು ತೊಟ್ಟು ಜಿನುಗಿದರೂ ಅದು ಸರಿಯಾಗಿ ಕೂತಿಲ್ಲ, ಮತ್ತೆ ಉಜ್ಜಬೇಕು. ಇಷ್ಟೆಲ್ಲ ಆದ ಮೇಲೆ ಬರುವುದು ‘ಕಟ್ಟಿದ ಎಂಜಿನ್’. ಈ ಪದಕ್ಕೆ ನಿಘಂಟುಗಳಲ್ಲಿ ಜಾಗ ಸಿಗಬೇಕು ಅಂತ ನನಗೆ ಬಹಳ ಆಸೆ.

ಕಟ್ಟಿದ ಮೇಲೆ ಎಂಜಿನ್ ಸ್ವಲ್ಪ ದಿನ ಬಿಗಿ ಇರುತ್ತೆ. ಜಾಸ್ತಿ ಲೋಡು ಹಾಕದೆ, ಜೋರಾಗಿ ಎಳೆಯದೆ ಓಡಿಸಬೇಕು. ಇದಕ್ಕೆ ಚಿಕ್ಕಪ್ಪ ‘ಪಳಗೋದು’ ಅನ್ನುತ್ತಾರೆ: ‘ಎಂಜಿನ್ ಇನ್ನೂ ಪಳಗಿಲ್ಲ, ಮೆಲ್ಲಗೆ ಹೋಗು.’ ಎತ್ತುಗಳ ಜೊತೆ ಬೆಳೆದವರು ಅವರು. ಇದು ಅವರೊಬ್ಬರ ಮಾತೋ, ಬೇರೆ ಡ್ರೈವರುಗಳೂ ಹೀಗೆ ಹೇಳುತ್ತಾರೋ, ಕೇಳಿದವರಿದ್ದರೆ ತಿಳಿಸಿ.

ಮುಖ್ಯವಾಗಿ ಬೇಕಿರುವುದು ಬೇರೆ ಊರುಗಳ ಬಳಕೆ. ಹುಬ್ಬಳ್ಳಿ, ದಾವಣಗೆರೆ, ಮಂಗಳೂರು, ಕಲಬುರಗಿ ಕಡೆ ಸವೆದ ಎಂಜಿನ್ ‘ಕೆಲಸಕ್ಕೆ ಬರುತ್ತದೆಯೇ’, ಇಲ್ಲಾ ಬೇರೇನಾದರೂ ಆಗುತ್ತದೆಯೇ? ಅಲ್ಲಿ ಎಂಜಿನ್ ‘ಕಟ್ಟುತ್ತಾರಾ’? ಒಂದೊಂದು ಪದ ಬರೆಯುವ ಬದಲು ಕೇಳಿದ ಇಡೀ ವಾಕ್ಯವನ್ನು, ಅಲ್ಲಿಯ ಉಚ್ಚಾರದಲ್ಲೇ, ಬರೆದು ಕಳಿಸಿ. ಯಾರು ಯಾರಿಗೆ ಹೇಳಿದ್ದು ಅನ್ನುವುದೂ ಜೊತೆಗಿದ್ದರೆ ಅರ್ಥ ಹಿಡಿಯಲು ಅನುಕೂಲ.